ತೋಟಾ ತುಂಬುವ ಕೈ

ಕಲ್ಯಾಣ ದಾಟಿ ಕರ್ಜತ್ ಕಡೆಗೆ ಹೋಗುವ ಲೋಕಲಿನಿಂದ ಅಂಬರನಾಥದಲ್ಲಿ ಇಳಿಯುವ ಕನ್ನಡಿಗರು ಸಾಮಾನ್ಯವಾಗಿ ನೋಡಹೋಗುವುದು ಶಿವಾಲಯವನ್ನು. 1060ರ ಶಾಸನವುಳ್ಳ ಆ ಶಿಲಾಹಾರ ಗುಡಿಯ ಬಗ್ಗೆ ಮುಂಬಯಿ ಕನ್ನಡಿಗರಾದ ನಾವು ಅಭಿಮಾನದಿಂದ ಮಾತಾಡುತ್ತೇವೆ. ಕನ್ನಡ ಬಿರುದುಗಳನ್ನು ಹೊತ್ತ ಅರಸರಲ್ಲವೇ! ಅದೇ ಊರಿನ ಇನ್ನೊಂದು ಚರಿತ್ರೆ ಎತ್ತರದ ಗೋಡೆಗಳ ಹಿಂದಿದೆ. ಅಲ್ಲಿನ ಆಯುಧ ಕಾರ್ಖಾನೆಯಲ್ಲಿ ಹಿತ್ತಾಳೆಯನ್ನು ಪುಟ್ಟ ಬಟ್ಟಲುಗಳಾಗಿ ಒತ್ತುತ್ತಾರೆ. ನೂರಕ್ಕೆ 70 ಪಾಲು ತಾಮ್ರ, 30 ಪಾಲು ಸತುವಿರುವ ಈ ಲೋಹದ ಬಟ್ಟಲನ್ನು ಹಂತಹಂತವಾಗಿ ಎಳೆದು ನೀಳಗೊಳಿಸಿದರೆ ಅದು ತೋಟಾದ ಕೋಶವಾಗುತ್ತದೆ.

ಈ ಕೋಶದ ಸ್ವಭಾವವೇ ನಮ್ಮನ್ನು ಈ ಬರಹಕ್ಕೆ ಎಳೆದದ್ದು. ಈಡು ಹಾರಿದ ಮೇಲೆ ಗುಂಡು ಹೋಯಿತು, ಮದ್ದು ಉರಿಯಿತು, ತಳದ ಕೇಪು ಸತ್ತಿತು. ಹಿತ್ತಾಳೆ ಮಾತ್ರ ಉಳಿಯಿತು. ತೋಟಾದ ಬೆಲೆಯಲ್ಲಿ ದೊಡ್ಡ ಪಾಲು ಅದರದೇ. ಜಾಗ್ರತೆಯಿಂದ ಬಳಸಿದರೆ ಅದನ್ನು ಮತ್ತೆ ಮತ್ತೆ ತುಂಬಬಹುದು. ಅಮೆರಿಕದಲ್ಲಿ ಈ ಕೆಲಸ ಒಂದು ಗೃಹಕೈಗಾರಿಕೆಯೇ ಆಗಿ ಬೆಳೆಯಿತು. ಕನೆಕ್ಟಿಕಟ್ ರಾಜ್ಯದ ನ್ಯೂ ಹೇವನ್ನಿನಲ್ಲಿ ಜಾನ್ ಬಾರ್ಲೊ ಎಂಬಾತ 1884ರಲ್ಲಿ ಐಡಿಯಲ್ ಎಂಬ ಕಂಪನಿ ಆರಂಭಿಸಿ ಕೈಯಲ್ಲೇ ಹಿಡಿದು ಒತ್ತುವ ಉಪಕರಣ ಮಾರಿದ. ಅದರ ಚಿತ್ರ ನೋಡಿದರೆ ನಮ್ಮ ಅಜ್ಜಿಯರ ಅಡಕತ್ತರಿಯ ನೆನಪಾಗದಿರದು. 1925ರಲ್ಲಿ ಲೈಮನ್ ಕಂಪನಿ ಅದನ್ನು ಕೊಂಡಿತು. ಅದೇ ಮನೆತನದ ಮುಂದಿನ ಕೂಸು, ಮೇಜಿಗೆ ಬಿಗಿಯುವ ಟ್ರೂ-ಲೈನ್ ಜೂನಿಯರ್ ಎಂಬ ಪುಟ್ಟ ಯಂತ್ರ.

ಇದರ ತಲೆ ತಿರುಗುತ್ತದೆ. ಅದಕ್ಕೇ 'ಟರೆಟ್ ಪ್ರೆಸ್' ಎಂಬ ಹೆಸರು. ತಲೆಯಲ್ಲಿ ಹಲವು ಉಕ್ಕಿನ ಅಚ್ಚುಗಳು. ಪಿಸ್ತೂಲಿನ ಖಾಲಿ ಕೋಶವನ್ನಿಟ್ಟು ಹಿಡಿಕೆ ಎಳೆದರೆ ಮೊದಲನೆಯ ಅಚ್ಚು ಸತ್ತ ಕೇಪನ್ನು ಹೊರದೂಡಿ, ಉಬ್ಬಿದ ಹಿತ್ತಾಳೆಯನ್ನು ಮೊದಲಿನ ಅಳತೆಗೆ ತರುತ್ತದೆ. ತಲೆಯನ್ನು ತಿರುಗಿಸಿ ಮತ್ತೆ ಎಳೆದರೆ ಬಾಯಿ ತುಸು ಅಗಲವಾಗುತ್ತದೆ. ಹೊಸ ಕೇಪು ಕೂರಿಸಿ ಮದ್ದು ಸುರಿದಾದ ಮೇಲೆ ಕೊನೆಯ ಅಚ್ಚು ಗುಂಡನ್ನು ಕೂರಿಸಿ ಬಾಯಿ ಬಿಗಿಯುತ್ತದೆ. ಕೆಲಸ ನಿಧಾನ. ಆ ನಿಧಾನದಲ್ಲೇ ಕ್ಷೇಮವೂ ಇದೆ: ಪಿಸ್ತೂಲಿನ ತೋಟಾದಲ್ಲಿ ಮದ್ದು ತಳದಲ್ಲಿ ಒಂದಿಷ್ಟೇ ಕೂರುವುದರಿಂದ ಕಣ್ಣು ತಪ್ಪಿ ಎರಡು ಬಾರಿ ಸುರಿದರೂ ಕೋಶ ತುಂಬಿ ಹೊರಚೆಲ್ಲದು, ಒಡೆಯುವುದು ಪಿಸ್ತೂಲು. ಆದ್ದರಿಂದ ಹಳೆಯ ಕೈಗಳು ಒಂದೊಂದು ಕೋಶದ ಬಾಯಿಗೂ ದೀಪ ಹಿಡಿದು ಇಣುಕದೆ ಗುಂಡು ಕೂರಿಸುತ್ತಿರಲಿಲ್ಲ.

ನಡುವೆ ಒಂದು ವಿಚಿತ್ರ. ಸುಲಭವಾಗಿ ಮರುತುಂಬಬಲ್ಲ, ನಡುವೆ ಒಂದೇ ರಂಧ್ರವಿರುವ ಕೇಪಿನ ಪದ್ಧತಿ ಇಂಗ್ಲಿಷ್ ಅಧಿಕಾರಿ ಎಡ್ವರ್ಡ್ ಬಾಕ್ಸರನದು. ಎರಡು ಸಣ್ಣ ರಂಧ್ರಗಳಿದ್ದು ಸತ್ತ ಕೇಪನ್ನು ಸೂಜಿಯಿಂದ ದೂಡಲಾಗದ ಪದ್ಧತಿ ಅಮೆರಿಕದ ಹೈರಮ್ ಬರ್ಡನನದು. ಕಾಲಕ್ರಮದಲ್ಲಿ ಅಮೆರಿಕದ ಜನ ಇಂಗ್ಲಿಷನ ಪದ್ಧತಿಯನ್ನು ಅಪ್ಪಿಕೊಂಡರು, ಬ್ರಿಟಿಷ್ ಸೇನೆಯ.303 ತೋಟಾಗಳಲ್ಲಿ ಬಹುಪಾಲು ಬರ್ಡನನ ಕೇಪೇ ಕುಳಿತಿತು. ಪ್ರಜೆ ಮನೆಯಲ್ಲಿ ಮರುತುಂಬುವ ನಾಡಿಗೆ ಒಂದು, ಸೈನಿಕ ಹಾರಿಸಿ ಎಸೆಯುವ ಸೇನೆಗೆ ಇನ್ನೊಂದು.

ನಮ್ಮ ನಾಡಿನಲ್ಲಿ ಆ ಪುಟ್ಟ ಯಂತ್ರ ಏಕೆ ಮನೆಯ ಮೇಜು ಹತ್ತಲಿಲ್ಲ? ಉತ್ತರ ಹುಡುಕಿದರೆ ಹಳೆಯ ಮುಂಬಯಿ ಪ್ರಾಂತದ ಕನ್ನಡ ಸೀಮೆಗೇ ಬಂದು ನಿಲ್ಲುತ್ತೇವೆ. 1857ರಲ್ಲಿ ಉತ್ತರದ ಸಿಪಾಯಿಗಳು ಸರಕಾರ ಕೊಟ್ಟ ಎನ್‌ಫೀಲ್ಡ್ ತೋಟಾದ ಜಿಡ್ಡುಗಾಗದವನ್ನು ಹಲ್ಲಿನಿಂದ ಹರಿಯಲಾರೆವೆಂದು ಸಿಡಿದರು. ಅದೇ ವರ್ಷ ಹೊರಟ ನಿಃಶಸ್ತ್ರೀಕರಣದ ಕಾನೂನು ಮುಧೋಳದ ಬಳಿಯ ಹಲಗಲಿಗೆ ಬಂದಾಗ ಅಲ್ಲಿನ ಬೇಡರು ತಮ್ಮ ಹತಾರ ಕೊಡಲಾರೆವೆಂದರು. ಒಬ್ಬರು ಪರರು ಕೊಟ್ಟದ್ದನ್ನು ತಿರಸ್ಕರಿಸಿದವರು, ಇನ್ನೊಬ್ಬರು ತಮ್ಮದನ್ನು ಕೊಡದೆ ನಿಂತವರು. ನಮ್ಮ ಪಠ್ಯಪುಸ್ತಕಗಳು ಇಬ್ಬರನ್ನೂ ಒಂದೇ ದಂಗೆಯ ಲೆಕ್ಕಕ್ಕೆ ಸೇರಿಸಿದರೂ, ಹಲಗಲಿಯ ಪ್ರಶ್ನೆಯೇ ಹೆಚ್ಚು ಮೂಲಭೂತವಾದದ್ದೆಂದು ನಮಗೆ ತೋರುತ್ತದೆ. ಬೇಟೆಯೇ ಬದುಕಾದವನಿಗೆ ಹತಾರವೆಂದರೆ ಅನ್ನ. ನವೆಂಬರ್ ಕೊನೆಗೆ ಸೇನೆ ಊರಿಗೆ ನುಗ್ಗಿತು, ಬೆಂಕಿ ಇಟ್ಟಿತು. ಡಿಸೆಂಬರಿನಲ್ಲಿ 19 ಮಂದಿಯನ್ನು ಗಲ್ಲಿಗೇರಿಸಲಾಯಿತು. ಆ ಕಥೆಯ ಲಾವಣಿಯನ್ನು ಸಂಗ್ರಹಿಸಿ ಉಳಿಸಿದವನು ಮುಂಬಯಿ ಪ್ರಾಂತದ ಸಿವಿಲ್ ಸೇವೆಯ ಅಧಿಕಾರಿ, ಶಾಸನತಜ್ಞ ಫ್ಲೀಟ್. ಗಲ್ಲು ಹಾಕಿದ ಸರಕಾರದ ನೌಕರನೇ ಹಾಡನ್ನು ಕಾಪಾಡಿದ.

ಮುಂದಿನದು ವೇಗವಾಗಿ ನಡೆಯಿತು. 1861ರಲ್ಲಿ ಕೊಡವರಿಗೆ ಮಾತ್ರ ವಿನಾಯಿತಿ. ಅದು ಇಂದಿಗೂ ಉಳಿದಿದೆ. 1869ರಲ್ಲಿ ಪುಣೆಯ ಖಡಕಿಯಲ್ಲಿ ಮದ್ದುಗುಂಡಿನ ಕಾರ್ಖಾನೆ. 1878ರಲ್ಲಿ ಲಿಟ್ಟನ್ನನ ಆಯುಧ ಕಾಯಿದೆ. ಭಾರತೀಯನಿಗೆ ಪರವಾನಗಿ, ಯುರೋಪಿಯನ್ನನಿಗೆ ವಿನಾಯಿತಿ. ತೋಟಾ ತುಂಬುವ ಕೆಲಸ ಹೀಗೆ ಕಾರ್ಖಾನೆಯ ಗೋಡೆಯೊಳಗೆ ಸೇರಿತು. ಖಡಕಿಯ ಇಂಗ್ಲಿಷ್ ಹೆಸರಾದ 'ಕರ್ಕಿ'ಯಿಂದ ಬಂದ 'ಕೆಎಫ್' ಎಂಬ ಎರಡಕ್ಷರದ ಮುದ್ರೆಯನ್ನು ಹಳೆಯ ತೋಟಾಗಳ ತಳದಲ್ಲಿ ಈಗಲೂ ಕಾಣಬಹುದು.

ಸ್ವಾತಂತ್ರ್ಯ ಬಂದು 1959ರಲ್ಲಿ ಹೊಸ ಆಯುಧ ಕಾಯಿದೆ ಬಂತು. ಜನಾಂಗಭೇದದ ಹಳೆಯ ಕಳಂಕ ಅದರಲ್ಲಿಲ್ಲ. ಆದರೆ 'ಮದ್ದುಗುಂಡು' ಎಂಬುದಕ್ಕೆ ಅದು ಕೊಡುವ ವ್ಯಾಖ್ಯೆಯನ್ನು ನಿಧಾನವಾಗಿ ಓದಬೇಕು. ಮದ್ದುಗುಂಡಿನ ಬಿಡಿಭಾಗಗಳಷ್ಟೇ ಅಲ್ಲ, ಅದನ್ನು ತಯಾರಿಸುವ ಯಂತ್ರೋಪಕರಣವೂ ಕಾನೂನಿನ ಕಣ್ಣಿಗೆ ಮದ್ದುಗುಂಡೇ. ಅಂದರೆ ಒಂದು ಕಾಳು ಮದ್ದೂ ಇಲ್ಲದ, ಎಣ್ಣೆಯ ವಾಸನೆ ಬಿಟ್ಟರೆ ಬೇರೇನೂ ಇಲ್ಲದ ಆ ತಿರುಗುತಲೆಯ ಯಂತ್ರ ಮುಂಬಯಿಯ ಫ್ಲ್ಯಾಟಿನೊಳಗೆ ಬಂದರೆ ತಾನೇ ತೋಟಾ ಆಗಿಬಿಡುತ್ತದೆ! ಪರವಾನಗಿಯಿಲ್ಲದ ತಯಾರಿಕೆಗೆ 2019ರ ತಿದ್ದುಪಡಿ ವಿಧಿಸಿರುವ ಶಿಕ್ಷೆ ಏಳು ವರ್ಷದಿಂದ ಜೀವಾವಧಿಯವರೆಗೆ. ಈ ಮಹಾನಗರ ಕಂಡ ಸಾವುನೋವುಗಳನ್ನು ನೆನೆದರೆ ಕಟ್ಟುನಿಟ್ಟು ಬೇಡವೆನ್ನಲು ನಮಗೆ ನಾಲಗೆ ಏಳುವುದಿಲ್ಲ. ಆದರೂ ಅಡಕತ್ತರಿಯಂಥ ಉಪಕರಣವೊಂದು ಒಂದು ದೇಶದಲ್ಲಿ ಹವ್ಯಾಸ, ಇನ್ನೊಂದರಲ್ಲಿ ಘೋರ ಅಪರಾಧವಾಗುವ ಹಾದಿ ಹಲಗಲಿಯ ಬೂದಿಯ ಮೇಲೆಯೇ ಹಾದುಬಂದಿದೆ ಎಂಬುದನ್ನು ಮರೆಯಲಾಗದು.

ನಮ್ಮಲ್ಲಿ ಘಟ್ಟದ ಸೀಮೆಯಿಂದ ಬಂದವರ ಮನೆಗಳಲ್ಲಿ ಬೆಳೆ ಕಾಯುವ ಕೋವಿಗಳಿವೆ. ಕೇಪಿನ ಕೋವಿಗೆ ಯಾವ ಯಂತ್ರವೂ ಬೇಡ. ನಳಿಗೆಯ ಬಾಯಿಂದ ಮದ್ದು ಸುರಿದು, ಗಜದಿಂದ ಜಡಿದು, ಗುಂಡು ಇಳಿಸಿ, ಮೇಲೆ ಕೇಪು ಸಿಕ್ಕಿಸಿದರೆ ಈಡು ಸಿದ್ಧ. ಎಷ್ಟು ಮದ್ದು ಎಂಬುದು ಹಿರಿಯರ ಅಂಗೈಗೆ ಗೊತ್ತಿತ್ತು. ತೋಟಾ ಕೋವಿಯವರು ಖಡಕಿಯ 'ಶಕ್ತಿಮಾನ್' ತೋಟಾ ಕೊಂಡು, ಹಾರಿಸಿದ ಖಾಲಿ ಕೋಶವನ್ನು ಮಕ್ಕಳ ಆಟಕ್ಕೆ ಕೊಡುತ್ತಿದ್ದರು. ಅದನ್ನು ತುಟಿಗಿಟ್ಟು ಊದಿ ಸೀಟಿ ಹೊಡೆದ ನೆನಪು ನಮ್ಮಲ್ಲಿ ಹಲವರಿಗಿದೆ.

ಚುನಾವಣೆ ಘೋಷಣೆಯಾದೊಡನೆ ಈ ಕೋವಿಗಳೆಲ್ಲ ಠಾಣೆ ಸೇರಬೇಕೆಂಬ ಆದೇಶ ಬರುತ್ತದೆ. ಆಗ ಊರಿನಿಂದ ಮುಂಬಯಿಗೆ ಬರುವ ಫೋನುಗಳಲ್ಲಿ ಮತದ ಮಾತು ಕಡಿಮೆ. ಕೋವಿ ಕೊಟ್ಟು ರಸೀದಿ ತಂದದ್ದಾಯಿತು, ಹಂದಿಗಳು ನಿನ್ನೆ ರಾತ್ರಿಯೇ ಗದ್ದೆಗೆ ಇಳಿದವು, ಮತ ಎಣಿಕೆ ಯಾವತ್ತಂತೆ ಎಂದು ಕೇಳುತ್ತಾರೆ.