ಹೊಗೆಯಿಂದ ಹುಟ್ಟಿದ ಬಲ: ಟರ್ಬೊ ಕಾರಿನ ಚರಿತ್ರೆ



ನಮ್ಮ ಹೆದ್ದಾರಿಗಳಲ್ಲಿ ಓಡುವ ಲಾರಿಗಳ ಮೈಮೇಲೆ ‘ಟರ್ಬೊ’ ಎಂಬ ಬರಹವನ್ನು ನೀವು ನೋಡಿರುತ್ತೀರಿ. ಈಗ 1 ಲೀಟರ್ ಎಂಜಿನ್ನಿನ ಪುಟ್ಟ ಪೆಟ್ರೋಲ್ ಕಾರುಗಳಿಗೂ ಈ ಹೆಸರು ಅಂಟಿಕೊಂಡಿದೆ. ವೇಗಕ್ಕೆ ಇದು ಇನ್ನೊಂದು ಹೆಸರೆಂದು ಹಲವರು ತಿಳಿದಿದ್ದಾರೆ. ಆದರೆ ಟರ್ಬೊ ಎಂಬುದು ಒಂದು ಯಂತ್ರ. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದಾದ ಎರಡು ಚಕ್ರಗಳು ಅದರ ಜೀವಾಳ. ಅದರ ಚರಿತ್ರೆಗೆ ನೂರು ವರ್ಷಕ್ಕೂ ಮಿಕ್ಕ ವಯಸ್ಸಾಗಿದೆ. ಈ ಯಂತ್ರ ಹಡಗಿನಿಂದ ವಿಮಾನಕ್ಕೆ, ವಿಮಾನದಿಂದ ಕಾರಿಗೆ, ಕೊನೆಗೆ ತನ್ನ ಕಾರನ್ನು ತಾನೇ ಬಿಚ್ಚಿ ಬದಲಾಯಿಸುವ ತರುಣನ ಕೈಗೆ ಹೇಗೆ ಬಂದಿತು? ಬಂದ ಮೇಲೆ ಅವನಿಂದ ಏನನ್ನು ಕೇಳಿತು? ಈ ಲೇಖನದಲ್ಲಿ ಅದನ್ನು ನೋಡೋಣ.

ವ್ಯರ್ಥವಾಗುವ ಶಕ್ತಿ

ಎಂಜಿನ್ನಿನ ಬಲ ಅದು ಉರಿಸುವ ಇಂಧನವನ್ನು ಅವಲಂಬಿಸಿದೆ. ಇಂಧನ ಉರಿಯಲು ಗಾಳಿ ಬೇಕು. 1 ಕಿಲೋಗ್ರಾಂ ಪೆಟ್ರೋಲು ಪೂರ್ಣವಾಗಿ ಉರಿಯಲು ಸುಮಾರು 14.7 ಕಿಲೋಗ್ರಾಂ ಗಾಳಿ ಬೇಕಾಗುತ್ತದೆ. ಆದ್ದರಿಂದ ಹೆಚ್ಚು ಬಲ ಬೇಕೆಂದರೆ ಎರಡೇ ದಾರಿ: ಎಂಜಿನ್ನನ್ನೇ ದೊಡ್ಡದು ಮಾಡಬೇಕು, ಇಲ್ಲವೇ ಇದ್ದ ಎಂಜಿನ್ನಿನೊಳಗೆ ಹೆಚ್ಚು ಗಾಳಿಯನ್ನು ತುರುಕಬೇಕು.

ಎಂಜಿನ್ನಿನಲ್ಲಿ ಉರಿದ ಇಂಧನದ ಶಕ್ತಿಯಲ್ಲಿ ಹೆಚ್ಚುಕಡಿಮೆ ಮೂರನೆಯ ಒಂದು ಪಾಲು ಬಿಸಿ ಹೊಗೆಯ ರೂಪದಲ್ಲಿ ಸೈಲೆನ್ಸರ್ ಮೂಲಕ ಹೊರಗೆ ಹೋಗಿಬಿಡುತ್ತದೆ. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬೂಕಿಯ ಗಮನ ಈ ನಷ್ಟದ ಮೇಲೆ ಹೋಯಿತು. ಹೊರಹೋಗುವ ಹೊಗೆಯಿಂದ ಒಂದು ಚಕ್ರವನ್ನು ತಿರುಗಿಸಬೇಕು. ಅದೇ ದಂಡಕ್ಕೆ ಜೋಡಿಸಿದ ಇನ್ನೊಂದು ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬಬೇಕು. ಇದು ಅವನ ಯೋಚನೆ. 1905ರಲ್ಲಿ ಅವನು ಇದಕ್ಕೆ ಹಕ್ಕುಪತ್ರ ಪಡೆದ. ಆದರೆ ಆ ಕಾಲದ ಲೋಹಗಳಿಗೆ ಅಷ್ಟು ಕಾವನ್ನೂ ವೇಗವನ್ನೂ ತಾಳುವ ಶಕ್ತಿ ಇರಲಿಲ್ಲ. ಅವನ ಕಲ್ಪನೆ ದೊಡ್ಡ ಪ್ರಮಾಣದಲ್ಲಿ ಫಲಿಸಲು ಇಪ್ಪತ್ತು ವರ್ಷ ಬೇಕಾಯಿತು. 1920ರ ದಶಕದ ನಡುವೆ ಜರ್ಮನಿಯ ‘ಪ್ರಾಯ್ಸೆನ್’ ಮತ್ತು ‘ಹಾನ್ಸೆಸ್ಟಾಟ್ ಡಾನ್ಸಿಗ್’ ಎಂಬ ಪ್ರಯಾಣಿಕರ ಹಡಗುಗಳ ಡೀಸೆಲ್ ಎಂಜಿನ್ನುಗಳ ಬಲ ಟರ್ಬೊದಿಂದಾಗಿ 1,750 ಅಶ್ವಶಕ್ತಿಯಿಂದ 2,500ಕ್ಕೆ ಏರಿತು.

ಬೆಟ್ಟದ ತುದಿಯ ಪರೀಕ್ಷೆ

ಇಷ್ಟರಲ್ಲಿ ಮೊದಲನೆಯ ಮಹಾಯುದ್ಧ ಇನ್ನೊಂದು ತೊಂದರೆಯನ್ನು ಮುಂದಿಟ್ಟಿತ್ತು. ವಿಮಾನ ಮೇಲೇರಿದಂತೆ ಗಾಳಿ ತೆಳುವಾಗುತ್ತದೆ, ಎಂಜಿನ್ನು ಸೊರಗುತ್ತದೆ. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ಎಂಜಿನಿಯರ್ ಸ್ಯಾನ್‌ಫರ್ಡ್ ಮಾಸ್ 1918ರಲ್ಲಿ ‘ಲಿಬರ್ಟಿ’ ಎಂಬ ವಿಮಾನ ಎಂಜಿನ್ನನ್ನು ಕೊಲರಾಡೊ ರಾಜ್ಯದ ಪೈಕ್ಸ್ ಪೀಕ್ ಶಿಖರಕ್ಕೆ ಸಾಗಿಸಿದ. ಅದರ ಎತ್ತರ 14,000 ಅಡಿಗೂ ಹೆಚ್ಚು. ತಗ್ಗಿನಲ್ಲಿ ಸುಮಾರು 350 ಅಶ್ವಶಕ್ತಿ ಕೊಡುತ್ತಿದ್ದ ಆ ಎಂಜಿನ್ನು ಬೆಟ್ಟದ ಮೇಲೆ 230ಕ್ಕೆ ಕುಸಿಯಿತು. ಟರ್ಬೊ ಜೋಡಿಸಿದಾಗ 356ಕ್ಕೆ ಏರಿತು. ಬೆಟ್ಟ ಕಸಿದುಕೊಂಡ ಬಲವನ್ನು ಎಂಜಿನ್ನಿನ ಹೊಗೆಯೇ ಮರಳಿ ತಂದುಕೊಟ್ಟಿತ್ತು.

ಎರಡನೆಯ ಮಹಾಯುದ್ಧದ ವೇಳೆಗೆ ಅಮೆರಿಕದ ಭಾರಿ ಬಾಂಬರ್ ವಿಮಾನಗಳಲ್ಲಿ ಟರ್ಬೊ ಸಾಮಾನ್ಯವಾಯಿತು. ಈ ಕಥೆ ನಮ್ಮ ಬೆಂಗಳೂರನ್ನೂ ಮುಟ್ಟಿ ಹೋಗಿದೆ. ಯುದ್ಧ ಮುಗಿದ ಮೇಲೆ ಕಾನ್ಪುರದಲ್ಲಿ ಕೈಬಿಟ್ಟುಹೋಗಿದ್ದ ಬಿ-24 ಲಿಬರೇಟರ್ ವಿಮಾನಗಳನ್ನು ಬೆಂಗಳೂರಿನ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಗೆ ತಂದು, ದುರಸ್ತಿ ಮಾಡಿ, ನಮ್ಮ ವಾಯುಪಡೆಗೆ ಒಪ್ಪಿಸಲಾಯಿತು. ಅಂಥ ವಿಮಾನದ ಎಂಜಿನ್ನುಗಳು ಟರ್ಬೊ ಹೊಂದಿದ್ದವು. ರಸ್ತೆಯ ಮೇಲೆ ‘ಟರ್ಬೊ’ ಎಂಬ ಬರಹ ಕಾಣುವುದಕ್ಕೆ ಎಷ್ಟೋ ವರ್ಷ ಮೊದಲೇ ಕರ್ನಾಟಕದ ನೆಲದಲ್ಲಿ ಈ ಯಂತ್ರದ ಪರಿಚಯವಿದ್ದ ಕೆಲಸಗಾರರು ಇದ್ದರು.

ಮಾಲೀಕ ಮರೆತ ನೀರು

ಟರ್ಬೊ ಸಾಮಾನ್ಯ ಕಾರಿಗೆ ಬಂದದ್ದು 1962ರಲ್ಲಿ, ಅಮೆರಿಕದಲ್ಲಿ. ಅದೇ ವರ್ಷ ಹೊರಬಂದ ಎರಡು ಕಾರುಗಳಲ್ಲಿ ಒಂದು ಷೆವರ್ಲೆ ಕೊರ್ವೇರ್, ಇನ್ನೊಂದು ಓಲ್ಡ್ಸ್‌ಮೊಬೀಲ್ ಜೆಟ್‌ಫೈರ್. ಎರಡನೆಯದರ ಕಥೆಯನ್ನು ವಾಹನಪ್ರಿಯರೆಲ್ಲರೂ ತಿಳಿದಿರಬೇಕು.

ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಬಿಸಿಯಾಗುವುದನ್ನು ನೀವು ಮುಟ್ಟಿ ನೋಡಿರಬಹುದು. ಒತ್ತಿದ ಗಾಳಿ ಬಿಸಿಯಾಗುತ್ತದೆ. ಈ ಬಿಸಿ ಗಾಳಿ ಎಂಜಿನ್ನಿನೊಳಗೆ ಹೊಕ್ಕಾಗ ಪೆಟ್ರೋಲು ಒಮ್ಮೊಮ್ಮೆ ಸರಿಯಾಗಿ ಉರಿಯುವ ಬದಲು ಸಿಡಿಯುತ್ತದೆ. ಮೆಕ್ಯಾನಿಕ್ಕುಗಳು ಇದನ್ನು ‘ನಾಕಿಂಗ್’ ಎನ್ನುತ್ತಾರೆ. ಸುತ್ತಿಗೆಯ ಪೆಟ್ಟಿನಂಥ ಈ ಸಿಡಿತ ಮುಂದುವರಿದರೆ ಪಿಸ್ಟನ್ನು ಒಡೆಯುತ್ತದೆ.

ಜೆಟ್‌ಫೈರ್ ತಯಾರಕರು ಇದಕ್ಕೆ ಒಂದು ಉಪಾಯ ಕಂಡುಕೊಂಡರು. ಶುದ್ಧ ನೀರು ಮತ್ತು ಮಿಥೈಲ್ ಮದ್ಯಸಾರದ ಮಿಶ್ರಣವನ್ನು ಬೇರೆ ತೊಟ್ಟಿಯಲ್ಲಿಟ್ಟು, ಗಾಳಿಯೊಂದಿಗೆ ಸಿಂಪಡಿಸಿ ಒಳಗಿನ ಕಾವನ್ನು ತಗ್ಗಿಸಿದರು. 3.5 ಲೀಟರಿನ ಎಂಜಿನ್ನು 215 ಅಶ್ವಶಕ್ತಿ ಕೊಟ್ಟಿತು. ಮಾಲೀಕನು ಮಾಡಬೇಕಾದುದು ಇಷ್ಟೇ: ಆ ತೊಟ್ಟಿ ಬರಿದಾಗದಂತೆ ನೋಡಿಕೊಳ್ಳುವುದು. ಆದರೆ ಅನೇಕರು ಅಷ್ಟನ್ನೂ ಮಾಡಲಿಲ್ಲ. ತೊಟ್ಟಿ ಬರಿದಾದಾಗ ಕಾರು ತನ್ನ ರಕ್ಷಣೆಗೆ ಟರ್ಬೊದ ಒತ್ತಡವನ್ನು ತಗ್ಗಿಸಿಕೊಳ್ಳುತ್ತಿತ್ತು. ಬಲವಿಲ್ಲವೆಂದು ಮಾಲೀಕ ದೂರುತ್ತಿದ್ದ. ಕೊನೆಗೆ ಎಷ್ಟೋ ಕಾರುಗಳಿಂದ ಟರ್ಬೊವನ್ನು ಬಿಚ್ಚಿ, ಸಾಮಾನ್ಯ ಕಾರ್ಬುರೇಟರ್ ಕೂರಿಸಲಾಯಿತು. 1963ರ ಮಾದರಿಯೊಂದಿಗೆ ಆ ಕಾರು ನಿಂತುಹೋಯಿತು. ಯಂತ್ರ ಕೊಟ್ಟ ಬಲಕ್ಕೆ ಪ್ರತಿಯಾಗಿ ಒಂದಿಷ್ಟು ಎಚ್ಚರ ಕೇಳಿತ್ತು. ಅದನ್ನು ಕೊಡಲು ಮನುಷ್ಯ ಸಿದ್ಧನಿರಲಿಲ್ಲ.

ಚಿಕ್ಕ ಕಾರು, ದೊಡ್ಡ ಓಟ

1973ರಲ್ಲಿ ಜರ್ಮನಿಯ ಬಿಎಂಡಬ್ಲ್ಯು ಸಂಸ್ಥೆ 2002 ಟರ್ಬೊ ಎಂಬ ಚಿಕ್ಕ ಕಾರನ್ನು ಫ್ರಾಂಕ್‌ಫರ್ಟ್ ಪ್ರದರ್ಶನದಲ್ಲಿಟ್ಟಿತು. 2 ಲೀಟರ್ ಎಂಜಿನ್ನು, 170 ಅಶ್ವಶಕ್ತಿ. ಮುಂದೆ ಹೋಗುವವನ ಕನ್ನಡಿಯಲ್ಲಿ ನೇರವಾಗಿ ಕಾಣಲೆಂದು ‘ಟರ್ಬೊ’ ಎಂಬ ಅಕ್ಷರಗಳನ್ನು ಅದರ ಮುಂಭಾಗದಲ್ಲಿ ತಿರುಗುಮುರುಗಾಗಿ ಬರೆಯಲಾಗಿತ್ತು. ‘ದಾರಿ ಬಿಡು’ ಎಂದು ಗದರಿಸುವಂಥ ಈ ಬರಹಕ್ಕೆ ವಿರೋಧ ಬಂದಿತು. ಅದರ ಬೆನ್ನಿಗೇ ತೈಲ ಬಿಕ್ಕಟ್ಟು ಎರಗಿತು. ಒಟ್ಟು 1,672 ಕಾರುಗಳಷ್ಟೇ ತಯಾರಾದವು.

ಟರ್ಬೊಗೆ ಸಂಯಮ ಕಲಿಸಿದ್ದು ಸ್ವೀಡನ್ನಿನ ಸಾಬ್ ಸಂಸ್ಥೆ. ಎಂಜಿನಿಯರ್ ಪೆರ್ ಜಿಲ್‌ಬ್ರಾಂಡ್ ಮತ್ತು ಸಂಗಡಿಗರು ರೂಪಿಸಿದ ಸಾಬ್ 99 ಟರ್ಬೊ 1977ರಲ್ಲಿ ಪ್ರದರ್ಶನಗೊಂಡಿತು. ಅತಿವೇಗಕ್ಕೆ ಬದಲಾಗಿ ದಿನನಿತ್ಯದ ವೇಗದಲ್ಲೇ ಟರ್ಬೊ ನೆರವಾಗಲಿ ಎಂಬುದು ಅವರ ಗುರಿ. ಇದಕ್ಕಾಗಿ ಅವರು ಚಿಕ್ಕ ಟರ್ಬೊ ಮತ್ತು ‘ವೇಸ್ಟ್‌ಗೇಟ್’ ಎಂಬ ಬಾಗಿಲನ್ನು ಬಳಸಿದರು. ಕೆರೆ ತುಂಬಿದಾಗ ಕೋಡಿ ಹರಿಯುವುದಿಲ್ಲವೇ? ಹಾಗೆಯೇ ಒತ್ತಡ ಮಿತಿ ಮುಟ್ಟಿದಾಗ ಈ ಬಾಗಿಲು ತೆರೆದು, ಹೆಚ್ಚಿನ ಹೊಗೆಯನ್ನು ಚಕ್ರಕ್ಕೆ ತಾಗದಂತೆ ಹೊರಗೆ ಬಿಡುತ್ತದೆ. 1980ರ ದಶಕದ ಆರಂಭದಲ್ಲಿ ಇದೇ ಸಂಸ್ಥೆ ನಾಕಿಂಗನ್ನು ಗುರುತಿಸಿ ತಾನಾಗಿಯೇ ಒತ್ತಡ ಇಳಿಸುವ ವಿದ್ಯುನ್ಮಾನ ವ್ಯವಸ್ಥೆಯನ್ನೂ ತಂದಿತು.

ಅದೇ 1977ರಲ್ಲಿ ಫ್ರಾನ್ಸಿನ ರೆನೊ ಸಂಸ್ಥೆ ಫಾರ್ಮುಲಾ ಒನ್ ಪಂದ್ಯಕ್ಕೆ 1.5 ಲೀಟರಿನ ಟರ್ಬೊ ಕಾರನ್ನು ಇಳಿಸಿತು. ಎದುರಾಳಿಗಳ ಎಂಜಿನ್ನುಗಳು ಅದರ ಎರಡರಷ್ಟು ದೊಡ್ಡವು. ಹೊಗೆಯುಗುಳುತ್ತ ಮತ್ತೆ ಮತ್ತೆ ನಿಂತುಬಿಡುತ್ತಿದ್ದ ಆ ಕಾರಿಗೆ ‘ಹಳದಿ ಟೀ ಕೆಟಲ್’ ಎಂಬ ಅಡ್ಡಹೆಸರು ಬಿದ್ದಿತು. ಎರಡು ವರ್ಷದ ನಂತರ, 1979ರಲ್ಲಿ, ಡಿಜೋನ್‌ನಲ್ಲಿ ನಡೆದ ಫ್ರೆಂಚ್ ಗ್ರ್ಯಾಂಡ್ ಪ್ರೀ ಪಂದ್ಯವನ್ನು ರೆನೊ ಗೆದ್ದಾಗ ನಗುವವರು ಸುಮ್ಮನಾದರು.

ತರುಣರ ಗ್ಯಾರೇಜಿನಲ್ಲಿ

ಈಗ ಅಮೆರಿಕದ ಇಲಿನಾಯ್ ರಾಜ್ಯದ ನಾರ್ಮಲ್ ಎಂಬ ಊರಿಗೆ ಬರೋಣ. ಅಲ್ಲಿನ ಕ್ರೈಸ್ಲರ್ ಮತ್ತು ಜಪಾನಿನ ಮಿತ್ಸುಬಿಷಿ ಸಂಸ್ಥೆಗಳು 1985ರಲ್ಲಿ ಕೈಜೋಡಿಸಿ ‘ಡೈಮಂಡ್ ಸ್ಟಾರ್ ಮೋಟಾರ್ಸ್’ ಎಂಬ ಸಂಸ್ಥೆ ಕಟ್ಟಿದವು. ಮಿತ್ಸುಬಿಷಿಯ ಗುರುತು ಮೂರು ವಜ್ರ, ಕ್ರೈಸ್ಲರಿನ ಗುರುತು ನಕ್ಷತ್ರ. ಎರಡೂ ಕೂಡಿ ಈ ಹೆಸರು. 1989ರಲ್ಲಿ ಎಕ್ಲಿಪ್ಸ್, ಟ್ಯಾಲನ್, ಲೇಸರ್ ಎಂಬ ಮೂರು ಹೆಸರುಗಳ ಒಂದೇ ತರಹದ ಕಾರುಗಳು ಮಾರಾಟಕ್ಕೆ ಬಂದವು. ಅವುಗಳ 2 ಲೀಟರ್ ಎಂಜಿನ್ನು ಟರ್ಬೊ ಇಲ್ಲದೆ 135 ಅಶ್ವಶಕ್ತಿ, ಟರ್ಬೊ ಇದ್ದರೆ ಸುಮಾರು 190 ಅಶ್ವಶಕ್ತಿ ಕೊಡುತ್ತಿತ್ತು. ಇದೇ ವಂಶದ ಎಂಜಿನ್ನು ಹೊತ್ತ ಮಿತ್ಸುಬಿಷಿ ಲ್ಯಾನ್ಸರ್ ಕಾರಿನಲ್ಲಿ ಫಿನ್ಲೆಂಡಿನ ಟಾಮಿ ಮ್ಯಾಕಿನೆನ್ 1996ರಿಂದ 1999ರವರೆಗೆ ಸತತ ನಾಲ್ಕು ಸಲ ವಿಶ್ವ ರ‍್ಯಾಲಿ ಚಾಂಪಿಯನ್ ಆದ.

ದುಬಾರಿ ಕ್ರೀಡಾ ಕಾರು ಕೊಳ್ಳಲಾಗದ ತರುಣರಿಗೆ ಇವು ವರವಾದವು. 1990ರ ದಶಕದಲ್ಲಿ ಇಂಥ ಚಿಕ್ಕ ಕಾರುಗಳನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡು, ಮನೆಯ ಗ್ಯಾರೇಜಿನಲ್ಲೇ ಬಲಪಡಿಸಿ, ಕಾಲು ಮೈಲಿ ನೇರ ಓಟದ ಪಂದ್ಯಗಳಿಗೆ ಒಯ್ಯುವುದು ಅಮೆರಿಕದಲ್ಲಿ, ಮುಖ್ಯವಾಗಿ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ, ದೊಡ್ಡ ಹವ್ಯಾಸವಾಗಿ ಬೆಳೆಯಿತು.

ಟರ್ಬೊ ಕಾರಿನ ಬಲ ಹೆಚ್ಚಿಸುವುದು ಮೇಲ್ನೋಟಕ್ಕೆ ಬಹಳ ಸುಲಭ. ವೇಸ್ಟ್‌ಗೇಟಿಗೆ ಒತ್ತಡದ ಸುದ್ದಿ ಮುಟ್ಟಿಸುವ ಸಣ್ಣ ರಬ್ಬರ್ ಕೊಳವೆಯಲ್ಲಿ ಒಂದಿಷ್ಟು ಗಾಳಿ ಸೋರುವಂತೆ ಕವಾಟ ಕೂರಿಸಿದರೆ ಸಾಕು. ಬಾಗಿಲು ತಡವಾಗಿ ತೆರೆಯುತ್ತದೆ, ಒತ್ತಡ ಏರುತ್ತದೆ, ಕಾರು ಚಿಮ್ಮುತ್ತದೆ. ಖರ್ಚು ಅಲ್ಪ, ಕೆಲಸ ಅರ್ಧ ಗಂಟೆಯದು. ಅಪಾಯವಿರುವುದೂ ಈ ಸುಲಭದಲ್ಲೇ. ಗಾಳಿ ಹೆಚ್ಚಾಯಿತು, ಆದರೆ ಇಂಧನ ಸಿಂಪಡಿಸುವ ಇಂಜೆಕ್ಟರುಗಳು ಹಳೆಯವೇ. ಅವುಗಳ ಮಿತಿ ಮೀರಿದಾಗ ಪೆಟ್ರೋಲು ಸಾಲದೆ ಕಾವು ಏರುತ್ತದೆ, ನಾಕಿಂಗ್ ಶುರುವಾಗುತ್ತದೆ. ಅರ್ಧ ಗಂಟೆಯಲ್ಲಿ ಗಳಿಸಿದ ಬಲ ಕ್ಷಣಾರ್ಧದಲ್ಲಿ ಎಂಜಿನ್ನನ್ನೇ ಬಲಿ ತೆಗೆದುಕೊಳ್ಳಬಹುದು.

ಹಾಗಾಗಿ ಅನುಭವಸ್ಥರು ಕೆಲಸದ ಕ್ರಮವನ್ನೇ ತಲೆಕೆಳಗು ಮಾಡಿದರು. ಮೊದಲು ಅಳತೆ: ಒತ್ತಡದ ಮಾಪಕ, ಮಿಶ್ರಣದ ಮಾಪಕ. ಆಮೇಲೆ ಇಂಧನದ ಪಂಪು, ಇಂಜೆಕ್ಟರು. ಅದಾದ ಮೇಲೆ ಒತ್ತಿದ ಗಾಳಿಯನ್ನು ತಣಿಸುವ ದೊಡ್ಡ ಇಂಟರ್‌ಕೂಲರ್. ಹೆಚ್ಚಿದ ಬಲವನ್ನು ಚಕ್ರಕ್ಕೆ ಸಾಗಿಸಲು ಗಟ್ಟಿ ಕ್ಲಚ್ಚು, ನಿಲ್ಲಿಸಲು ಒಳ್ಳೆಯ ಬ್ರೇಕು ಮತ್ತು ಟೈರು. ಒತ್ತಡ ಏರಿಸುವುದು ಎಲ್ಲಕ್ಕಿಂತ ಕೊನೆಗೆ. ಇದರ ಜೊತೆಗೆ ದಿನನಿತ್ಯದ ಶಿಸ್ತೂ ಬೇಕು. ಟರ್ಬೊದ ದಂಡ ನಿಮಿಷಕ್ಕೆ ಒಂದು ಲಕ್ಷ ಸುತ್ತಿಗೂ ಮೀರಿ ತಿರುಗುವಾಗ ಅದನ್ನು ಕಾಪಾಡುವುದು ಎಣ್ಣೆಯ ತೆಳುವಾದ ಪೊರೆ. ಸಕಾಲಕ್ಕೆ ಆಯಿಲ್ ಬದಲಿಸದಿದ್ದರೆ, ಜೋರಾಗಿ ಓಡಿಸಿ ಬಂದ ಕೂಡಲೇ ಎಂಜಿನ್ ಆರಿಸಿದರೆ, ಆ ಎಣ್ಣೆ ಸುಟ್ಟು ಕರಿಯಾಗಿ ಅಂಟಿಕೊಳ್ಳಬಹುದು.

ರಸ್ತೆ ಎಲ್ಲರದು

ಎಂಜಿನ್ನು ಒಡೆದರೆ ನಷ್ಟ ಮಾಲೀಕನದು ಮಾತ್ರ. ಆದರೆ ಹೊಗೆ ಶುದ್ಧಿಮಾಡುವ ಕನ್ವರ್ಟರನ್ನು ಕಿತ್ತೆಸೆದರೆ, ಬ್ರೇಕಿನ ಶಕ್ತಿ ಮೀರಿ ವೇಗ ಹೆಚ್ಚಿಸಿದರೆ, ಅದರ ಬೆಲೆ ತೆರುವವರು ದಾರಿಹೋಕರು. ಆದ್ದರಿಂದಲೇ ಸರಕಾರಗಳು ನಡುವೆ ಬಂದವು. ಅಮೆರಿಕದ ಶುದ್ಧ ಗಾಳಿ ಕಾಯಿದೆ ಹೊಗೆ ನಿಯಂತ್ರಣದ ಭಾಗಗಳನ್ನು ತೆಗೆಯುವುದನ್ನು ನಿಷೇಧಿಸುತ್ತದೆ. ನಮ್ಮಲ್ಲಿ 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ವಾಹನ ಮಾರ್ಪಾಡಿಗೆ ಮಿತಿ ಹಾಕಿದೆ. ತಯಾರಕರು ಮೂಲದಲ್ಲಿ ಕೊಟ್ಟ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಬದಲಾಯಿಸುವಂತಿಲ್ಲ ಎಂದು ಸರ್ವೋಚ್ಚ ನ್ಯಾಯಾಲಯವೂ 2019ರ ಜನವರಿಯಲ್ಲಿ ಸ್ಪಷ್ಟಪಡಿಸಿತು. ಕುತೂಹಲವಿರುವವರಿಗೆ ಪಂದ್ಯದ ಅಂಗಳವಿದೆ, ಎಂಜಿನಿಯರಿಂಗ್ ಕಾಲೇಜಿನ ಪ್ರಯೋಗಶಾಲೆಯಿದೆ. ಸಾರ್ವಜನಿಕ ರಸ್ತೆ ಪ್ರಯೋಗಶಾಲೆಯಲ್ಲ.

ಚರಿತ್ರೆ ಈ ನಡುವೆ ಇನ್ನೊಂದು ತಿರುವು ಪಡೆದಿದೆ. ನಾರ್ಮಲ್ ಊರಿನ ಆ ಕಾರ್ಖಾನೆಯಲ್ಲಿ ಮಿತ್ಸುಬಿಷಿ 2015ರಲ್ಲಿ ಕಾರು ತಯಾರಿಕೆ ನಿಲ್ಲಿಸಿತು. 2017ರಲ್ಲಿ ಅದನ್ನು ಕೊಂಡ ರಿವಿಯನ್ ಸಂಸ್ಥೆ 2021ರಿಂದ ಅಲ್ಲಿ ವಿದ್ಯುತ್ ವಾಹನಗಳನ್ನು ತಯಾರಿಸುತ್ತಿದೆ. ಹೊಗೆಯಿಂದ ಬಲ ಹಿಂಡಿದ ಕಾರುಗಳು ಹುಟ್ಟಿದ ಸೂರಿನಡಿಯಲ್ಲೇ ಈಗ ಹೊಗೆಯಿಲ್ಲದ ವಾಹನಗಳು ಹುಟ್ಟುತ್ತಿವೆ.

ವಿದ್ಯಾರ್ಥಿಗಳೇ, ಬೂಕಿ ಕಂಡುಕೊಂಡ ಸತ್ಯ ಇಂದಿಗೂ ಸತ್ಯವೇ: ನಾವು ವ್ಯರ್ಥವೆಂದು ಬಿಟ್ಟದ್ದರಲ್ಲೂ ಶಕ್ತಿ ಇದೆ. ಆದರೆ ಟರ್ಬೊ ಕೊಡುವ ಬಲ ದಾನವಲ್ಲ, ಸಾಲ. ಜೆಟ್‌ಫೈರ್ ಮಾಲೀಕರು ಅದನ್ನು ತೀರಿಸಲು ಮರೆತರು. ಒಳ್ಳೆಯ ಕುಶಲಿಗಳು ಅಳತೆಯಿಂದ, ತಾಳ್ಮೆಯಿಂದ ತೀರಿಸುತ್ತ ಬಂದರು. ನಿಮ್ಮೂರಿನ ಲಾರಿ ಗ್ಯಾರೇಜಿನಲ್ಲಿ ಕಳಚಿಟ್ಟ ಹಳೆಯ ಟರ್ಬೊ ಸಿಕ್ಕೀತು. ಮೆಕ್ಯಾನಿಕ್ಕನ್ನು ಕೇಳಿ ಅದರ ಚಕ್ರವನ್ನೊಮ್ಮೆ ಬೆರಳಿನಿಂದ ತಿರುಗಿಸಿ ನೋಡಿ. ಅದು ಯಾಕೆ ಕೆಟ್ಟಿತೆಂದೂ ಕೇಳಿ. ಅವರು ಹೇಳುವ ಉತ್ತರದಲ್ಲಿ ಈ ಚರಿತ್ರೆಯ ಪಾಠ ನಿಮಗೆ ಇನ್ನೊಮ್ಮೆ ಸಿಗಬಹುದು.