ಸ್ತನ ಕ್ಯಾನ್ಸರಿನ ಹಾರ್ಮೋನ್ ಚಿಕಿತ್ಸೆ

ಈಸ್ಟ್ರೋಜನ್ ಹಾರ್ಮೋನನ್ನು ಅವಲಂಬಿಸಿ ಬೆಳೆಯುವ ಸ್ತನ ಕ್ಯಾನ್ಸರ್ ಕೋಶಗಳಿಗೆ ಅದರ ಪ್ರಚೋದನೆ ದೊರೆಯದಂತೆ ತಡೆಯುವ ಚಿಕಿತ್ಸೆಯನ್ನು ಸ್ತನ ಕ್ಯಾನ್ಸರಿನ ಹಾರ್ಮೋನ್ ಚಿಕಿತ್ಸೆ ಎನ್ನುತ್ತಾರೆ. ಋತುಬಂಧದ ತೊಂದರೆಗಳಿಗೆ ಹಾರ್ಮೋನನ್ನೇ ಕೊಡುವ ಚಿಕಿತ್ಸೆಗೆ ಇದು ತದ್ವಿರುದ್ಧವಾದುದು. ಸ್ತನ ಕ್ಯಾನ್ಸರುಗಳಲ್ಲಿ ಬಹುಪಾಲು ಹಾರ್ಮೋನ್ ಗ್ರಾಹಕಗಳನ್ನು ಹೊಂದಿರುತ್ತವೆ. ಗ್ರಾಹಕಗಳಿಲ್ಲದ ಕ್ಯಾನ್ಸರಿಗೆ ಈ ಔಷಧಗಳಿಂದ ಪ್ರಯೋಜನವಿಲ್ಲದ ಕಾರಣ, ಗಡ್ಡೆಯ ತುಣುಕನ್ನು ಮೊದಲು ಪರೀಕ್ಷಿಸಲಾಗುತ್ತದೆ.

== ಇತಿಹಾಸ ==
ಅಂಡಾಶಯಗಳನ್ನು ತೆಗೆದಾಗ ಸ್ತನ ಕ್ಯಾನ್ಸರ್ ಕುಗ್ಗುವುದನ್ನು ಸ್ಕಾಟ್ಲೆಂಡಿನ ಶಸ್ತ್ರವೈದ್ಯ ಜಾರ್ಜ್ ಬೀಟ್ಸನ್ 1896ರಲ್ಲಿ ವರದಿ ಮಾಡಿದರು. ಟ್ಯಾಮೋಕ್ಸಿಫೆನ್ 1960ರ ದಶಕದಲ್ಲಿ ಬ್ರಿಟನ್ನಿನಲ್ಲಿ ಗರ್ಭನಿರೋಧಕದ ಶೋಧನೆಯಲ್ಲಿ ತಯಾರಾಯಿತು. ಆ ಉದ್ದೇಶ ಈಡೇರಲಿಲ್ಲವಾದರೂ ಕ್ಯಾನ್ಸರ್ ಔಷಧವಾಗಿ ಅದು ನೆಲೆಯೂರಿತು. ಅಮೆರಿಕದಲ್ಲಿ ಅದಕ್ಕೆ 1977ರಲ್ಲಿ ಮಾನ್ಯತೆ ದೊರೆಯಿತು.

== ಪ್ರಮುಖ ಔಷಧಗಳು ==
* '''ಟ್ಯಾಮೋಕ್ಸಿಫೆನ್:''' ಸ್ತನದ ಕೋಶಗಳ ಗ್ರಾಹಕಗಳಿಗೆ ಅಂಟಿಕೊಂಡು ಈಸ್ಟ್ರೋಜನ್ನಿಗೆ ಎಡೆಗೊಡುವುದಿಲ್ಲ. ಋತುಬಂಧದ ಮೊದಲೂ ಅನಂತರವೂ ಬಳಸಬಹುದು. ವಾಡಿಕೆಯ ಪ್ರಮಾಣ ದಿನಕ್ಕೆ 20 ಮಿ.ಗ್ರಾಂ.
* '''ಅರೊಮಟೇಸ್ ಪ್ರತಿಬಂಧಕಗಳು:''' ಅನಾಸ್ಟ್ರೊಜೋಲ್ (1 ಮಿ.ಗ್ರಾಂ), ಲೆಟ್ರೊಜೋಲ್ (2.5 ಮಿ.ಗ್ರಾಂ) ಮತ್ತು ಎಕ್ಸೆಮೆಸ್ಟೇನ್ (25 ಮಿ.ಗ್ರಾಂ) ಈ ಗುಂಪಿನವು. ಋತುಬಂಧದ ಅನಂತರ ಕೊಬ್ಬು ಮೊದಲಾದ ಅಂಗಾಂಶಗಳಲ್ಲಿ ಈಸ್ಟ್ರೋಜನ್ ತಯಾರಿಸುವ ಕಿಣ್ವವನ್ನು ಇವು ತಡೆಯುತ್ತವೆ.
* '''ಫುಲ್ವೆಸ್ಟ್ರಾಂಟ್:''' ಗ್ರಾಹಕವನ್ನೇ ನಾಶಪಡಿಸುವ ಚುಚ್ಚುಮದ್ದು. ಮುಂದುವರಿದ ರೋಗದಲ್ಲಿ ಬಳಕೆಯಾಗುತ್ತದೆ.

== ಹೋಲಿಕೆ ==
ಋತುಬಂಧವಾದವರಲ್ಲಿ ರೋಗ ಮರುಕಳಿಸದಂತೆ ತಡೆಯಲು ಅರೊಮಟೇಸ್ ಪ್ರತಿಬಂಧಕಗಳು ಟ್ಯಾಮೋಕ್ಸಿಫೆನ್‌ಗಿಂತ ತುಸು ಹೆಚ್ಚು ಪರಿಣಾಮಕಾರಿ. ಆದರೆ ಅಂಡಾಶಯಗಳು ಕಾರ್ಯನಿರತವಾಗಿರುವ ಕಿರಿಯ ವಯಸ್ಸಿನವರಲ್ಲಿ ಅವನ್ನಷ್ಟೇ ಕೊಟ್ಟರೆ ಸಾಲದು; ಗೊಸರೆಲಿನ್‌ನಂತಹ ಚುಚ್ಚುಮದ್ದಿನಿಂದ ಅಂಡಾಶಯದ ಕಾರ್ಯವನ್ನೂ ತಡೆಯಬೇಕಾಗುತ್ತದೆ.

ಮೈ ಬಿಸಿಯೇರಿ ಬೆವರುವುದು ಎರಡರಲ್ಲೂ ಸಾಮಾನ್ಯ. ಟ್ಯಾಮೋಕ್ಸಿಫೆನ್‌ನಿಂದ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಮತ್ತು ವಿರಳವಾಗಿ ಗರ್ಭಕೋಶದ ಒಳಪದರದ ಕ್ಯಾನ್ಸರ್ ಬರುವ ಅಪಾಯವುಂಟು. ಋತುಬಂಧದ ಅನಂತರ ರಕ್ತಸ್ರಾವ ಕಂಡರೆ, ಕಾಲು ಊದಿಕೊಂಡರೆ ಅಥವಾ ಹಠಾತ್ತನೆ ಉಸಿರಾಟ ಕಷ್ಟವಾದರೆ ಕೂಡಲೇ ವೈದ್ಯರನ್ನು ಕಾಣಬೇಕು. ಅರೊಮಟೇಸ್ ಪ್ರತಿಬಂಧಕಗಳಿಂದ ಕೀಲುನೋವು ಹಾಗೂ ಮೂಳೆ ಸವೆತ ಹೆಚ್ಚು. ಆದ್ದರಿಂದ ಮೂಳೆಯ ಸಾಂದ್ರತೆಯನ್ನು ಆಗಾಗ್ಗೆ ಪರೀಕ್ಷಿಸುತ್ತಾರೆ.

== ಅವಧಿ ಮತ್ತು ಎಚ್ಚರಿಕೆ ==
ಆರಂಭಿಕ ಹಂತದ ರೋಗದಲ್ಲಿ ಚಿಕಿತ್ಸೆ ಸಾಮಾನ್ಯವಾಗಿ 5 ವರ್ಷ, ಕೆಲವರಿಗೆ 10 ವರ್ಷದವರೆಗೆ ನಡೆಯುತ್ತದೆ. ಗರ್ಭಿಣಿಯರು ಈ ಔಷಧಗಳನ್ನು ಸೇವಿಸಬಾರದು. ಖಿನ್ನತೆಗೆ ಕೊಡುವ ಪರಾಕ್ಸೆಟೀನ್, ಫ್ಲೂಯಾಕ್ಸೆಟೀನ್ ಮುಂತಾದವು ಟ್ಯಾಮೋಕ್ಸಿಫೆನ್ ದೇಹದಲ್ಲಿ ಸಕ್ರಿಯ ರೂಪಕ್ಕೆ ಬದಲಾಗುವುದನ್ನು ಕುಂದಿಸುತ್ತವೆ. ಅಡ್ಡಪರಿಣಾಮಗಳಿಗೆ ಬೇಸತ್ತು ಮಾತ್ರೆಯನ್ನು ನಡುವೆ ಬಿಟ್ಟವರಲ್ಲಿ ರೋಗ ಮರುಕಳಿಸುವ ಸಂಭವ ಹೆಚ್ಚು. ಒಂದು ಔಷಧ ಒಗ್ಗದಿದ್ದರೆ ವೈದ್ಯರು ಇನ್ನೊಂದಕ್ಕೆ ಬದಲಾಯಿಸಬಲ್ಲರು.