ಕಿವಿಯೊಳಗಿನ ಬಿರಡೆ

ವೀಕ್ಷಕರೇ, ರಾತ್ರಿ ಒಂಬತ್ತಕ್ಕೆ ನೀವು ನನ್ನ ಮುಖ ನೋಡ್ತೀರಿ, ಕೋಟು ನೋಡ್ತೀರಿ, ನಾನು ಮೇಜು ಕುಟ್ಟೋದನ್ನೂ ನೋಡ್ತೀರಿ. ನನ್ನ ಬಲಗಿವಿಯ ಒಳಗೆ ಏನಿದೆ ಅಂತ ಮಾತ್ರ ನೀವು ನೋಡಿಲ್ಲ. ಅಲ್ಲೊಂದು ಸಣ್ಣ ಬಿರಡೆ ಇದೆ. ಅದರಿಂದ ಹೊರಟ ಪಾರದರ್ಶಕ ಕೊಳವೆ ಸುರುಳಿ ಸುತ್ತಿಕೊಂಡು ಕಿವಿಯ ಹಿಂದಿನಿಂದ ಕಾಲರ್ ಒಳಗೆ ಇಳಿಯುತ್ತೆ. ಕಂಟ್ರೋಲ್ ರೂಮಿನಿಂದ ಪ್ರೊಡ್ಯೂಸರ್ ನನ್ನ ಜತೆ ಮಾತಾಡೋದು ಅದರಲ್ಲೇ. "ಬ್ರೇಕ್‌ಗೆ ಹೋಗಿ", "ಮಂಡ್ಯ ರಿಪೋರ್ಟರ್ ಲೈನ್‌ನಲ್ಲಿದ್ದಾರೆ", "ಸರ್, ಸಾಕು ಬಿಡಿ ಅವರನ್ನ". ನಾಲ್ಕು ಜನ ಅತಿಥಿಗಳು ಒಟ್ಟಿಗೆ ಕಿರುಚುವಾಗ ಆ ದನಿ ಕೇಳಿಸಬೇಕಲ್ಲ? ನಾನು ಕಂಡುಕೊಂಡಿದ್ದ ದಾರಿ ಒಂದೇ, ವಾಲ್ಯೂಮ್ ಏರಿಸೋದು. ಹತ್ತೊಂಬತ್ತು ವರ್ಷ ಏರಿಸಿಕೊಂಡೇ ಬಂದೆ.

ಕಳೆದ ವರ್ಷ ಕಿವಿ ಪರೀಕ್ಷೆ ಮಾಡಿಸಿದಾಗ ಒಂದು ಹಾಳೆ ಕೈಗೆ ಕೊಟ್ರು. ಎಡಗಿವಿಗೆ ನೀಲಿ ಇಂಟು ಗುರುತು, ಬಲಗಿವಿಗೆ ಕೆಂಪು ಸೊನ್ನೆ. ನೀಲಿ ಗೆರೆ ಹೆಚ್ಚುಕಡಿಮೆ ನೆಟ್ಟಗಿತ್ತು. ಕೆಂಪು ಗೆರೆ 4000 ಹರ್ಟ್ಜ್ ಹತ್ತಿರ ಬಂದು ಗುಂಡಿಗೆ ಬಿದ್ದಿತ್ತು. ಡಾಕ್ಟರು ಅದನ್ನ ನೋಡಿ ಕೇಳಿದ್ದು ಒಂದೇ ಪ್ರಶ್ನೆ: "ಇದೇ ಕಿವಿಗೆ ತಾನೇ ನೀವು ಹಾಕ್ಕೊಳ್ಳೋದು?"

ಆವತ್ತು ರಾತ್ರಿ ನನಗೆ ನೆನಪಾಗಿದ್ದು ನನ್ನ ತಾತ.

ನಮ್ಮೂರು ಬಿಂಡಿಗನವಿಲೆ, ನಾಗಮಂಗಲ ತಾಲೂಕು. ನಮ್ಮೂರು ಅಂದ ತಕ್ಷಣ ಹಳೇ ಮೈಸೂರಿನ ಕಡೆಯವರು ಚೆನ್ನಕೇಶವ ದೇವಸ್ಥಾನದ ಗರುಡನನ್ನ ನೆನೀತಾರೆ. ತಾತ ಜೇಬಿನ ಟ್ರಾನ್ಸಿಸ್ಟರ್‌ಗೆ ಒಂಟಿ ಕಿವಿಯ ಇಯರ್‌ಫೋನ್ ಸಿಕ್ಕಿಸಿಕೊಂಡು ಬೆಳಗಿನ ಪ್ರದೇಶ ಸಮಾಚಾರ ಕೇಳೋರು. ಮನೆಯಲ್ಲಿ ಮಕ್ಕಳು ಮಲಗಿರ್ತಾರೆ, ಎದ್ದುಬಿಟ್ಟಾವು ಅಂತ. ಆಮೇಲೆ ಅವರ ಕಿವಿ ಮಂದವಾಯ್ತು. 80ರ ದಶಕದ ಮಧ್ಯದಲ್ಲಿ ಅಪ್ಪ ಅವರನ್ನ ಬಸ್ಸಿನಲ್ಲಿ ಮೈಸೂರಿಗೆ ಕರ್ಕೊಂಡು ಹೋದರು. ನಾಗಮಂಗಲ, ಪಾಂಡವಪುರ, ಶ್ರೀರಂಗಪಟ್ಟಣ ದಾಟಿ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಗೆ. ನಾನೂ ಜತೆಗಿದ್ದೆ, ಕಿಟಕಿ ಪಕ್ಕದ ಸೀಟಿಗೋಸ್ಕರ. ಅಲ್ಲಿ ತಾತನ ಕಿವಿಗೆ ಮೆತ್ತನೆ ಪೇಸ್ಟ್ ತುಂಬಿ ಅಚ್ಚು ತೆಗೆದರು. ಆ ಅಚ್ಚಿನಿಂದ ಬಿರಡೆ ಮಾಡಿ, ವೈರು ಜೋಡಿಸಿ, ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಡಬ್ಬಿಯೊಂದನ್ನ ಅಂಗಿ ಜೇಬಿಗೆ ಹಾಕಿ ಕಳಿಸಿದರು.

ಊರಿಗೆ ಬಂದ ಮೇಲೆ ಶುರುವಾಯ್ತು ನೋಡಿ ತಮಾಷೆ. ಹುಡುಗರಿಗೆ ಅದು ರೇಡಿಯೋ ಅಂತಲೇ ಕಂಡಿದ್ದು. ಜೇಬಲ್ಲಿ ಡಬ್ಬಿ, ಕಿವೀಲಿ ವೈರು, ಇನ್ನೇನಿರುತ್ತೆ? "ತಾತೋ, ಸ್ಕೋರ್ ಎಷ್ಟಾಯ್ತು?" ಮೊದಮೊದಲು ತಾತ ರೇಗೋರು. ಆಮೇಲೆ ಅವರಿಗೇ ಏನನ್ನಿಸಿತೋ, "ಗವಾಸ್ಕರ್ ಐವತ್ತು ಒಡ್ದ ಕನ್ಲಾ" ಅನ್ನೋಕೆ ಶುರು ಮಾಡಿದರು. ಮ್ಯಾಚೇ ಇಲ್ಲದ ದಿನವೂ ಗವಾಸ್ಕರ್ ಐವತ್ತು ಹೊಡೀತಿದ್ದ! ನಾವು ನಗ್ತಿದ್ವಿ. ಕಿವುಡ ಅನ್ನಿಸಿಕೊಳ್ಳೋದಕ್ಕಿಂತ ಕ್ರಿಕೆಟ್ ಹುಚ್ಚ ಅನ್ನಿಸಿಕೊಳ್ಳೋದು ಅವರಿಗೆ ಮೇಲು ಅನ್ನಿಸಿತ್ತು ಅನ್ನೋದು ನನಗೆ ಅರ್ಥ ಆಗಿದ್ದು, ಕೆಂಪು ಸೊನ್ನೆಯ ಆ ಹಾಳೆಯನ್ನ ಆಫೀಸಿನಲ್ಲಿ ಯಾರಿಗೂ ತೋರಿಸದೆ ಡ್ರಾಯರ್ ಒಳಗೆ ತಳ್ಳಿದ ದಿನ.

ಸತ್ಯ ಏನು ಗೊತ್ತಾ? ಆ ಹುಡುಗರು ಹೇಳಿದ್ದು ಪೂರ್ತಿ ತಪ್ಪಾಗಿರಲಿಲ್ಲ. ಇವತ್ತು ಮೆಟ್ರೋದಲ್ಲಿ ಹುಡುಗ ಹುಡುಗಿಯರು ಕಿವಿಯೊಳಗೆ ತುರುಕಿಕೊಳ್ಳೋ ಇಯರ್‌ಫೋನ್ ಮತ್ತು ನಮ್ಮ ತಾತನ ಶ್ರವಣಯಂತ್ರ ಒಂದೇ ವಂಶದವು. ಆ ವಂಶದ ಕಥೆ ಸ್ವಲ್ಪ ಹಿಂದಿನಿಂದ ಹೇಳಬೇಕು.

1877ರಲ್ಲಿ ಎಡಿಸನ್ ಫೋನೋಗ್ರಾಫ್ ಮಾಡಿದ. ಅದರ ದನಿ ತೀರಾ ಸಣ್ಣದು. 1889ರ ನವೆಂಬರ್ 23ರಂದು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದ ಒಂದು ಹೆಂಡದಂಗಡಿಯಲ್ಲಿ ಲೂಯಿಸ್ ಗ್ಲಾಸ್ ಅನ್ನೋನು ಕಾಸು ಹಾಕಿದರೆ ಹಾಡುವ ಯಂತ್ರ ಇಟ್ಟ. ಡಾಕ್ಟರ ಸ್ಟೆಥಾಸ್ಕೋಪ್ ಥರದ ಕೊಳವೆಗಳು ನಾಲ್ಕು. ಒಂದು ನಿಕಲ್ ಕಾಸು ಹಾಕಿ, ಕೊಳವೆ ಕಿವಿಗೆ ಸಿಕ್ಕಿಸಿಕೊಂಡು ಹಾಡು ಕೇಳೋದು. ನನಗೆ ಇಷ್ಟವಾದ ವಿಷಯ ಬೇರೆ. ಯಂತ್ರದ ಪಕ್ಕ ಟವಲ್ ಇಟ್ಟಿರ್ತಿದ್ದರು! ಹಿಂದಿನವನ ಕಿವಿ ಗುಗ್ಗೆ ಮುಂದಿನವನ ಕಿವಿಗೆ ಹೋಗಬಾರದು ಅಂತ. ಅಂದ್ರೆ ನೋಡಿ, ಕಿವಿಗೆ ಹಾಕಿಕೊಳ್ಳೋ ವಸ್ತು ವ್ಯಾಪಾರಕ್ಕೆ ಬಂದ ದಿನಗಳಲ್ಲೇ ಅದನ್ನ ಒರೆಸೋ ಬಟ್ಟೆಯೂ ಬಂದಿತ್ತು. ನಮ್ಮ ಆಫೀಸಿನಲ್ಲಿ ಎಷ್ಟೋ ವರ್ಷ ಒಂದೇ ಬಿರಡೆಯನ್ನ ಮೂವರು ಆಂಕರ್‌ಗಳು ಶಿಫ್ಟ್ ಪ್ರಕಾರ ಹಾಕಿಕೊಂಡಿದ್ದೀವಿ. ಟವಲ್ ಇರಲಿಲ್ಲ.

1891ರಲ್ಲಿ ಅರ್ನೆಸ್ಟ್ ಮರ್ಕಾಡಿಯೆ ಎಂಬ ಫ್ರೆಂಚ್ ಎಂಜಿನಿಯರ್ ಕಿವಿಯೊಳಗೆ ಕೂರುವ ಟೆಲಿಫೋನ್ ರಿಸೀವರ್‌ಗೆ ಪೇಟೆಂಟ್ ಪಡೆದ. ಐವತ್ತು ಗ್ರಾಂ ಆಸುಪಾಸಿನ ತೂಕ, ತುದಿಗೆ ರಬ್ಬರ್ ಹೊದಿಕೆ. ರಬ್ಬರ್ ಯಾಕೆ? ಕಿವಿ ಉಜ್ಜಿ ನೋಯಬಾರದು, ಹೊರಗಿನ ಸದ್ದು ಒಳಗೆ ಬರಬಾರದು. ಇವತ್ತು ಡಬ್ಬಿ ಮೇಲೆ 'ನಾಯ್ಸ್ ಐಸೊಲೇಷನ್' ಅಂತ ದಪ್ಪಕ್ಷರದಲ್ಲಿ ಬರೀತಾರಲ್ಲ, ಅದರ ತಿರುಳು ಅಷ್ಟೇ. 1910ರ ಹೊತ್ತಿಗೆ ಯೂಟಾದ ನಥಾನಿಯಲ್ ಬಾಲ್ಡ್ವಿನ್ ತನ್ನ ಅಡುಗೆಮನೆ ಮೇಜಿನ ಮೇಲೆ ಹೆಡ್‌ಫೋನ್ ಜೋಡಿಸಿ ಅಮೆರಿಕದ ನೌಕಾಪಡೆಗೆ ಮಾರಿದ. ಅದು ಕಿವಿಯ ಮೇಲೆ ಕೂರೋದು, ಒಳಗಲ್ಲ. ಹಾಗಾಗಿ ಮುಂದೆ ಹೋಗೋಣ.

ನಮ್ಮ ಕಡೆ ಕೇಳೋದು ಅಂದ್ರೆ ಹತ್ತು ಜನ ಸೇರಿ ಕೇಳೋದು. 1935ರ ಸೆಪ್ಟೆಂಬರ್ 10ರಂದು ಮೈಸೂರಿನಲ್ಲಿ ಮನಃಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದಲೇ 30 ವಾಟ್‌ನ ಪುಟ್ಟ ಟ್ರಾನ್ಸ್‌ಮಿಟರ್ ಇಟ್ಟುಕೊಂಡು ಪ್ರಸಾರ ಶುರು ಮಾಡಿದರು. ಆಕಾಶವಾಣಿ ಅನ್ನೋ ಹೆಸರು ಅಲ್ಲಿಂದ ಬಂದು, ಮುಂದೆ ಇಡೀ ದೇಶದ ರೇಡಿಯೋಗೆ ಹೆಸರಾಯ್ತು. ರೇಡಿಯೋ ಇದ್ದ ಮನೆಯ ಜಗಲಿ ಮೇಲೆ ಊರು ಸೇರೋದು. 1954ರಲ್ಲಿ ಅಮೆರಿಕದಲ್ಲಿ ರೀಜೆನ್ಸಿ ಅನ್ನೋ ಟ್ರಾನ್ಸಿಸ್ಟರ್ ರೇಡಿಯೋ ಬಂತು, ಬೇಕಾದವರಿಗೆ ಒಂಟಿ ಇಯರ್‌ಫೋನ್. ಅಲ್ಲಿಂದ ಕೇಳೋದು ಜೇಬಿಗೆ ಇಳೀತು. 1979ರ ಜುಲೈ 1ರಂದು ಜಪಾನಿನ ಸೋನಿ ವಾಕ್‌ಮನ್ ಬಿಟ್ಟಾಗ ಅದರಲ್ಲಿ ಹೆಡ್‌ಫೋನ್ ಸಿಕ್ಕಿಸೋ ತೂತು ಎರಡಿದ್ವು. ಒಬ್ಬನೇ ಕೇಳೋದು ಮರ್ಯಾದೆ ಅಲ್ಲ ಅಂತ ಯಜಮಾನ ಅಕಿಯೊ ಮೊರಿಟಾಗೆ ಅಳುಕು. ಒಂದು ಕಿತ್ತಳೆ ಬಣ್ಣದ ಗುಂಡಿಯೂ ಇತ್ತು. ಒತ್ತಿದರೆ ಹಾಡು ತಗ್ಗಿ ಪಕ್ಕದವರ ಮಾತು ಕೇಳಿಸ್ತಿತ್ತು. ಆಮೇಲಿನ ಮಾಡೆಲ್‌ಗಳಲ್ಲಿ ಎರಡನೇ ತೂತೂ ಹೋಯ್ತು, ಗುಂಡಿಯೂ ಹೋಯ್ತು. ಯಾರೂ ಕೇಳಲಿಲ್ಲ.

ಈಗ ತಾತನ ವಂಶಕ್ಕೆ ಬರ್ತೀನಿ. 1946ರಲ್ಲಿ ಶುರುವಾದ ನೋಲ್ಸ್ ಎಂಬ ಅಮೆರಿಕದ ಕಂಪನಿ ಶ್ರವಣಯಂತ್ರಗಳಿಗೆ ಅಕ್ಕಿಕಾಳಿನಷ್ಟು ಸಣ್ಣ ಸ್ಪೀಕರ್‌ಗಳನ್ನ ಮಾಡುವುದರಲ್ಲಿ ಹೆಸರು ಮಾಡಿತು. ಅಲ್ಲಿ ಕೆಲಸ ಮಾಡಿದ ಮೀಡ್ ಕಿಲಿಯನ್ 1983ರಲ್ಲಿ ಎಟಿಮೋಟಿಕ್ ಅನ್ನೋ ಸ್ವಂತ ಸಂಸ್ಥೆ ಕಟ್ಟಿದರು. ಕಿವಿ ಪರೀಕ್ಷೆಗೆ ಬೇಕಾದ ಉಪಕರಣ ಮಾಡ್ತಾ ಮಾಡ್ತಾ 1991ರಲ್ಲಿ ಇಆರ್-4 ಅನ್ನೋ ಇಯರ್‌ಫೋನ್ ತಂದರು. ಕಿವಿಯ ನಾಳವನ್ನ ಪೂರ್ತಿ ಮುಚ್ಚಿ, ಸಂಗೀತವನ್ನ ಶುದ್ಧವಾಗಿ ಕೇಳಿಸೋದು. ಇವತ್ತಿನ ಈ ಜಾತಿಯ ಇಯರ್‌ಫೋನ್‌ಗಳಿಗೆಲ್ಲ ಅದೇ ಹಿರಿಯಣ್ಣ. 1995ರಲ್ಲಿ ಜೆರ್ರಿ ಹಾರ್ವಿ ಎಂಬ ಸೌಂಡ್ ಎಂಜಿನಿಯರ್ ರಾಕ್ ಡ್ರಮ್ಮರ್ ಅಲೆಕ್ಸ್ ವ್ಯಾನ್ ಹೇಲನ್‌ಗೆ ವೇದಿಕೆ ಮೇಲೆ ಹಾಕಿಕೊಳ್ಳೋಕೆ ಕಿವಿಯ ಅಚ್ಚಿನ ಇಯರ್‌ಫೋನ್ ಮಾಡಿಕೊಟ್ಟ. ಅಚ್ಚು ತೆಗೆಯೋ ರೀತಿ ಮೈಸೂರಿನಲ್ಲಿ ತಾತನಿಗೆ ಮಾಡಿದ್ದೇ. ತಾತನದು ನಾಚಿಕೆಯ ವಸ್ತು, ಡ್ರಮ್ಮರ್‌ನದು ಸ್ಟೈಲು!

ಒಂದು ಗೊಂದಲ ಇಲ್ಲೇ ಬಿಡಿಸಿಬಿಡ್ತೀನಿ. 'ನಾಯ್ಸ್ ಕ್ಯಾನ್ಸಲೇಷನ್' ಬೇರೆ. 1978ರಲ್ಲಿ ಅಮರ್ ಬೋಸ್, ತಂದೆ ಬಂಗಾಳದವರು, ಜ್ಯೂರಿಕ್‌ನಿಂದ ಬೋಸ್ಟನ್‌ಗೆ ಹೋಗೋ ವಿಮಾನದಲ್ಲಿ ಕೂತು ಅದರ ಲೆಕ್ಕ ಬರೆದರು. ಮೈಕ್ ಹೊರಗಿನ ಸದ್ದು ಹಿಡಿದು, ಅದರ ತಿರುಗುಮುರುಗು ಅಲೆ ಹುಟ್ಟಿಸಿ ಅಳಿಸೋದು. ಅದಕ್ಕೆ ಬ್ಯಾಟರಿ ಬೇಕು. ನಾನು ಹೇಳ್ತಿರೋದಕ್ಕೆ ಏನೂ ಬೇಡ. ಬಾಟಲಿಗೆ ಬಿರಡೆ ಹಾಕಿದ ಹಾಗೆ, ಅಷ್ಟೆ.

ಬಿರಡೆ ಸರಿಯಾಗಿ ಕೂತರೆ ಹೊರಗಿನ ಸದ್ದು 20ರಿಂದ 30 ಡೆಸಿಬೆಲ್ ಕಡಿಮೆ ಆಗುತ್ತೆ. ಗದ್ದಲ ತಗ್ಗಿದರೆ ಹಾಡಿನ ದನಿಯನ್ನೂ ತಗ್ಗಿಸಬಹುದು, ಅದೇ ಲಾಭ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳೋದು 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ. ಮೂರು ಡೆಸಿಬೆಲ್ ಏರಿದರೆ ಸಮಯ ಅರ್ಧ. 83ಕ್ಕೆ 20 ಗಂಟೆ. 90ಕ್ಕೆ ಹೋದರೆ ಇಡೀ ವಾರಕ್ಕೆ ನಾಲ್ಕೇ ಗಂಟೆ. ಒಳಗಿವಿಯಲ್ಲಿ ಸದ್ದು ಹಿಡಿಯೋ ಸೂಕ್ಷ್ಮ ಕೋಶಗಳು ಸುಮಾರು 15 ಸಾವಿರ, ಸತ್ತರೆ ಮತ್ತೆ ಹುಟ್ಟಲ್ಲ. ಮೊದಲು ಹೋಗೋದು ಕೀರಲು ದನಿ. ಸ, ಶ, ಚ ಥರದ ಅಕ್ಷರಗಳು ಮಸುಕಾಗ್ತವೆ. ನನಗೆ ಲೈವ್‌ನಲ್ಲಿ ಒಮ್ಮೆ 'ಸಾವು' ಅಂದಿದ್ದು 'ಹಾವು' ಅಂತ ಕೇಳಿಸಿ, ಸದ್ಯ ಬಾಯಿಬಿಡೋ ಮುಂಚೆ ಸ್ಕ್ರೀನ್ ನೋಡಿದೆ, ಬಚಾವಾದೆ.

ನನ್ನ ತಪ್ಪು ಎಲ್ಲಿತ್ತು ಅಂದ್ರೆ, ಬಿರಡೆ ನನ್ನ ಅಳತೆಯದ್ದೇ ಆಗಿರಲಿಲ್ಲ. ಸಡಿಲ. ಸಂದಿಯಿಂದ ಸ್ಟುಡಿಯೋ ಗದ್ದಲವೆಲ್ಲ ಒಳಗೆ. ತಾತನ ಯಂತ್ರ ಸಡಿಲವಾದಾಗ ಕುಯ್ ಅಂತ ಸಿಳ್ಳೆ ಹಾಕಿ ಹೇಳಿಬಿಡ್ತಿತ್ತು. ಇಯರ್‌ಫೋನ್ ಸಿಳ್ಳೆ ಹಾಕಲ್ಲ. ಬೇಸ್ ತೆಳ್ಳಗಾಗುತ್ತೆ, ನಾವು ವಾಲ್ಯೂಮ್ ಏರಿಸ್ತೀವಿ. ಜತೆಗೆ ಮೂರು ಅಳತೆಯ ಸಿಲಿಕಾನ್ ತುದಿ ಕೊಟ್ಟಿರ್ತಾರಲ್ಲ, ಅದನ್ನ ಡಬ್ಬಿಯಲ್ಲೇ ಬಿಟ್ಟು ಬಿಸಾಡಬೇಡಿ. ಎರಡು ಕಿವಿಯ ಅಳತೆಯೂ ಒಂದೇ ಇರಬೇಕು ಅಂತಿಲ್ಲ. ಹಾಕುವಾಗ ಇನ್ನೊಂದು ಕೈಯನ್ನ ತಲೆ ಹಿಂದಿನಿಂದ ತಂದು ಕಿವಿಯನ್ನ ಮೇಲಕ್ಕೆ, ಹಿಂದಕ್ಕೆ ಎಳೆದರೆ ನಾಳ ನೆಟ್ಟಗಾಗುತ್ತೆ. ಸ್ಪಂಜಿನ ತುದಿಯಾದರೆ ಬೆರಳಲ್ಲಿ ಹೊಸೆದು ಸಣ್ಣ ಮಾಡಿ, ಒಳಗಿಟ್ಟು, ಅರ್ಧ ನಿಮಿಷ ಹಾಗೇ ಹಿಡಿಯಿರಿ, ಅದೇ ಉಬ್ಬಿ ಕೂರುತ್ತೆ. ತೆಗೆಯುವಾಗ ವೈರ್ ಹಿಡಿದು ಎಳೀಬೇಡಿ. ನಿಧಾನಕ್ಕೆ ತಿರುಗಿಸಿ, ಗಾಳಿ ಒಳಗೆ ಹೋಗಲಿ. ನಡೆಯುವಾಗ ವೈರ್ ಬಟ್ಟೆಗೆ ತಾಗಿ ಚರಚರ ಅಂದರೆ ಕಿವಿಯ ಮೇಲಿಂದ ಸುತ್ತಿ ಹಿಂದಕ್ಕೆ ಬಿಡಿ.

ಇನ್ನು ಗುಗ್ಗೆ. ಅದು ಕೊಳೆ ಅಲ್ಲ, ಕಿವಿಯ ಕಾವಲುಗಾರ. ತಾನಾಗಿ ಹೊರಗೆ ಸರಿಯುತ್ತೆ. ನಾವು ದಿನಾ ಬಿರಡೆ ತುರುಕಿ ಅದನ್ನ ವಾಪಸ್ ತಳ್ತೀವಿ, ಆಮೇಲೆ ಪಿನ್ನು, ಬೆಂಕಿಕಡ್ಡಿ, ಬಿಸಿ ಎಣ್ಣೆ ಅಂತ ಶುರು. ಬೇಡ. ಇಯರ್‌ಫೋನ್‌ನ ಒಂದು ಕಡೆ ದನಿ ಕಡಿಮೆ ಆದರೆ ಮುಕ್ಕಾಲು ಪಾಲು ಸಲ ತಪ್ಪು ಯಂತ್ರದ್ದಲ್ಲ, ಮೂತಿಗೆ ಗುಗ್ಗೆ ಕಟ್ಟಿರುತ್ತೆ. ಸಿಲಿಕಾನ್ ತುದಿ ಕಳಚಿ ಉಗುರುಬೆಚ್ಚಗಿನ ಸೋಪುನೀರಲ್ಲಿ ತೊಳೆದು, ಪೂರ್ತಿ ಒಣಗಿಸಿಯೇ ಹಾಕಬೇಕು. ಮೂತಿಯನ್ನ ಕೆಳಮುಖ ಹಿಡಿದು ಒಣ ಮೆತ್ತನೆ ಬ್ರಷ್‌ನಿಂದ ತಟ್ಟಬೇಕು. ಸೂಜಿ ಹಾಕಿದರೆ ಜಾಲರಿ ತೂತು. ಸ್ಪಂಜಿನ ತುದಿಯನ್ನ ತೊಳೆದು ತೊಳೆದು ಬಳಸೋದಕ್ಕಿಂತ ಹೊಸದು ಹಾಕೋದೇ ಸರಿ. ಕಿವಿ ತುರಿಕೆ, ನೀರು ಸೋರೋದು ಇದ್ದರೆ ಇಯರ್‌ಫೋನ್ ಬಂದ್, ಡಾಕ್ಟರ ಹತ್ತಿರ ನಡೀರಿ. ಮುಚ್ಚಿದ ಕಿವಿ ಬೆವರಿ ಒದ್ದೆಯಾದರೆ ಬೂಷ್ಟು ಬೆಳೆಯೋಕೆ ಒಳ್ಳೆ ಜಾಗ.

ರಸ್ತೆಯಲ್ಲಿ ಮಾತ್ರ ಈ ಬಿರಡೆ ಬೇಡವೇ ಬೇಡ. ಹೋದ ಸಲ ಊರಿಗೆ ಹೋದಾಗ ನನ್ನ ತಂಗಿ ಮಗ ಎರಡೂ ಕಿವಿಗೆ ಹಾಕ್ಕೊಂಡು ಟಿವಿಎಸ್ ಓಡಿಸ್ತಿದ್ದ. ಹಿಂದೆ ಕಬ್ಬಿನ ಟ್ರ್ಯಾಕ್ಟರ್ ಹಾರ್ನ್ ಹೊಡೆದೂ ಹೊಡೆದೂ ಸುಸ್ತಾಗಿತ್ತು. ನಾನು ಪಕ್ಕದಿಂದ ಕೂಗಿದೆ. ಹತ್ತೊಂಬತ್ತು ವರ್ಷ ಕೂಗಿ ಪಳಗಿದ ಗಂಟಲು ನಂದು, ಆದರೂ ತಿರುಗಲಿಲ್ಲ. ಮನೆಗೆ ಬಂದ ಮೇಲೆ ಬೈದೆ. "ಮಾವ, ನೀವೂ ಟೀವೀಲಿ ಹಾಕ್ಕೊಂಡೇ ಇರ್ತೀರಲ್ಲ" ಅಂದ. ಗಮನಿಸಿದ್ದಾನೆ ಅನ್ನೋದೇ ನನಗೆ ಆಶ್ಚರ್ಯ. ಡ್ರಾಯರ್‌ನ ಹಾಳೆಯ ಫೋಟೋ ಮೊಬೈಲಲ್ಲಿತ್ತು, ತೋರಿಸಿದೆ. ಮನೆಯವರಲ್ಲಿ ಅದನ್ನ ನೋಡಿದ ಮೊದಲನೆಯವನು ಅವನೇ.

ಅವ್ವ ಅದೇ ಹೊತ್ತಿಗೆ ಅಟ್ಟದಿಂದ ತಾತನ ಡಬ್ಬಿ ಇಳಿಸಿಕೊಟ್ಟಳು. ವೈರು ಪುಡಿಪುಡಿ. ಬಿರಡೆ ಹಳದಿ ತಿರುಗಿತ್ತು, ಆದರೆ ತಾತನ ಕಿವಿಯ ತಿರುವು, ಮಡಿಕೆ ಎಲ್ಲ ಹಾಗೇ ಇತ್ತು. ಸೋಪುನೀರಲ್ಲಿ ತೊಳೆದು ನನ್ನ ಕಿವಿಗೆ ಇಟ್ಟು ನೋಡಿದೆ. ಕೂರಲಿಲ್ಲ. ಹುಡುಗ ಪಕ್ಕದಲ್ಲೇ ನಿಂತು ನೋಡ್ತಿದ್ದ, "ಇದು ಯಾವ ಕಂಪ್ನಿದು ಮಾವ?" ಅಂದ.